ಅಡುಗೆಮನೆಯಲ್ಲಿ ನಿಂತಿದ್ದ ಅಜ್ಜಿ: ಜಾಕಿ ವೀವರ್ ಅವರ ಎರಡನೇ ಸರದಿ

ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೊಡುವ ಅತ್ಯುತ್ತಮ ನಟಿ ಪ್ರಶಸ್ತಿ ಅಲ್ಲಿನ ನಟಿ ಜಾಕಿ ವೀವರ್ ಅವರಿಗೆ ಎರಡು ಸಲ ಬಂದಿದೆ. ಮೊದಲ ಸಲ 1972ರಲ್ಲಿ, ಆಗ ಅವರಿಗೆ 25 ವರ್ಷ. ಎರಡನೇ ಸಲ 2010ರಲ್ಲಿ, 'ಅನಿಮಲ್ ಕಿಂಗ್‌ಡಮ್' ಚಿತ್ರದ ಅಜ್ಜಿಯ ಪಾತ್ರಕ್ಕೆ. ಆಗ 63. ನಡುವೆ 38 ವರ್ಷ.

ಎರಡನೇ ಪ್ರಶಸ್ತಿ ಕೈಗೆ ಬಂದ ಮರುತಿಂಗಳೇ, 2011ರ ಜನವರಿ 25ರಂದು, ಆಸ್ಕರ್ ನಾಮನಿರ್ದೇಶನದ ಪಟ್ಟಿಯಲ್ಲೂ ಅವರ ಹೆಸರು ಬಂತು. ಅಮೆರಿಕದ ಬಹಳಷ್ಟು ಪ್ರೇಕ್ಷಕರು ಆ ಹೆಸರನ್ನು ಕೇಳಿದ್ದೇ ಆಗ. ಅಲ್ಲಿಂದ ಒಂದು ಕಥೆ ಹುಟ್ಟಿಕೊಂಡಿತು. ದೂರದ ದೇಶದಲ್ಲಿ ಯಾರಿಗೂ ಕಾಣದೆ ಇದ್ದ ಒಬ್ಬ ಅಜ್ಜಿ, 63ರಲ್ಲಿ ಅದೃಷ್ಟ ಖುಲಾಯಿಸಿ ಹಾಲಿವುಡ್‌ಗೆ ಬಂದಳು ಅನ್ನುವ ಕಥೆ. ಕೇಳೋಕೆ ಚೆನ್ನಾಗಿದೆ. ಆದರೆ ಅವರ ಕೆಲಸವನ್ನು ಮೊದಲಿಂದ ನೋಡುತ್ತಾ ಹೋದರೆ ಈ ಕಥೆ ಎಲ್ಲೂ ಹೊಂದುವುದಿಲ್ಲ.

ಹಾಗಾಗಿ ಈ ಒಂದು ಪ್ರಕರಣವನ್ನು ಬಿಡಿಸಿ ನೋಡೋಣ ಅಂತ ಕೂತೆ. ಆ 38 ವರ್ಷ ಅವರು ಏನು ಮಾಡುತ್ತಿದ್ದರು? 2010ರಲ್ಲಿ ಬದಲಾದದ್ದು ಏನು? ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಟಿ ಅಷ್ಟು ವರ್ಷವೂ ಸಿದ್ಧವಾಗಿಯೇ ಇದ್ದರು. ಅವರ ಕಲೆಯಷ್ಟೂ ಬೇಕಾಗುವಂಥ ಪಾತ್ರವನ್ನು ಯಾರೂ ಬರೆದಿರಲಿಲ್ಲ. ಒಬ್ಬ ಹೊಸ ನಿರ್ದೇಶಕ ಬರೆದ, ಅವರಿಗಾಗಿಯೇ ಬರೆದ.

ಮೊದಲ ಸರದಿ

ಜಾಕಿ ವೀವರ್ ಹುಟ್ಟಿದ್ದು 1947ರ ಮೇ 25ರಂದು, ಸಿಡ್ನಿಯಲ್ಲಿ. ತಂದೆ ವಕೀಲರು. ತಾಯಿ ಇಂಗ್ಲೆಂಡಿನಿಂದ ಬಂದು ನೆಲೆಸಿದವರು. ಹದಿಹರೆಯದಲ್ಲೇ ಜಾಕಿ ರಂಗದ ಮೇಲೆ ನಿಂತರು, ಆಮೇಲೆ ಟಿವಿಗೆ ಬಂದರು. ಸಿನಿಮಾಕ್ಕೆ ಬರಲಿಲ್ಲ, ಯಾಕೆಂದರೆ ಬರೋಕೆ ಅಲ್ಲಿ ಸಿನಿಮಾವೇ ಇರಲಿಲ್ಲ. 1960ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ತಯಾರಾಗುತ್ತಿದ್ದ ಸ್ವಂತ ಚಿತ್ರಗಳು ಬೆರಳೆಣಿಕೆಯಷ್ಟು. ಥಿಯೇಟರುಗಳಲ್ಲಿ ಓಡುತ್ತಿದ್ದುದು ಅಮೆರಿಕದ್ದು, ಬ್ರಿಟನ್ನಿನದ್ದು. ಸ್ವಂತ ಮಾತಿನ ಧಾಟಿಯನ್ನು ಪರದೆಯ ಮೇಲೆ ಕೇಳುವ ಭಾಗ್ಯ ಅಲ್ಲಿನ ಜನಕ್ಕೆ ಇರಲಿಲ್ಲ ಅಂದರೂ ಸರಿಯೇ. 1970ರಲ್ಲಿ ಸರ್ಕಾರ ಚಿತ್ರಗಳಿಗೆ ಹಣ ಹಾಕುವ ಸಂಸ್ಥೆಯೊಂದನ್ನು ಕಟ್ಟಿತು. ಆ ದಶಕದಲ್ಲಿ ಎದ್ದ ಅಲೆಯ ಜೊತೆಗೇ ಜಾಕಿ ಕೂಡ ಎದ್ದರು.

1971ರ 'ಸ್ಟಾರ್ಕ್' ಆ ಅಲೆಯ ಶುರುವಿನ ಚಿತ್ರ. ನಿರ್ದೇಶಕ ಟಿಮ್ ಬರ್ಸ್ಟಾಲ್. ಕಥೆ ಡೇವಿಡ್ ವಿಲಿಯಮ್ಸನ್ ಅವರ ನಾಟಕದ್ದು. ಮೆಲ್ಬರ್ನ್‌ನಲ್ಲಿ ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ಇರುವ ಹುಡುಗರು, ಅವರ ನಡುವೆ ಆನಾ ಅನ್ನುವ ಹುಡುಗಿ. ನಾಯಕನಾಗಿ ಬ್ರೂಸ್ ಸ್ಪೆನ್ಸ್, ಆರೂವರೆ ಅಡಿಯ ಮನುಷ್ಯ. ಜಾಕಿಯ ಎತ್ತರ ಐದು ಅಡಿಗೆ ತುಸು ಕಡಿಮೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ನಿಂತರೆ ನಗು ತಾನಾಗೇ ಬರುತ್ತದೆ. ಆದರೆ ಅವರ ಮುಖ ಗಮನಿಸಿ. ಹುಡುಗರೆಲ್ಲ ಕೂಗಾಡುತ್ತಿರುವಾಗ ಆನಾ ಸುಮ್ನೆ ಕೇಳಿಸಿಕೊಳ್ಳುತ್ತಿರುತ್ತಾಳೆ. ಕೇಳಿಸಿಕೊಳ್ಳುವ ಈ ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ. ಮೊದಲ ಪ್ರಶಸ್ತಿ ಬಂದದ್ದು ಈ ಚಿತ್ರಕ್ಕೇ.

ಆಮೇಲೆ ಸಾಲಾಗಿ ಬಂದವು. 1973ರ 'ಆಲ್ವಿನ್ ಪರ್ಪಲ್', 1974ರ 'ಪೀಟರ್ಸನ್', 1975ರ 'ದಿ ರಿಮೂವಲಿಸ್ಟ್ಸ್'. ಆ ಕಾಲದ ಆಸ್ಟ್ರೇಲಿಯಾದ ಚಿತ್ರಗಳಲ್ಲಿ ಗಂಡಸರದೇ ಗದ್ದಲ ಜಾಸ್ತಿ. ಕುಡಿತ, ಪೋಲಿ ಜೋಕು, ಬೆತ್ತಲೆ ದೃಶ್ಯ. ಸೆನ್ಸಾರ್ ಆಗಷ್ಟೇ ಸಡಿಲವಾಗಿತ್ತು. ಈ ಗದ್ದಲದ ನಡುವೆ ಜಾಕಿಗೆ ಸಿಕ್ಕಿದ್ದು ಚೆಂದದ, ತುಂಟ, ಪುಟ್ಟ ಹುಡುಗಿಯ ಪಾತ್ರಗಳು. ಪತ್ರಿಕೆಗಳು ಅವರನ್ನು ಮೋಹಕ ಹುಡುಗಿ ಅಂತಲೇ ಬರೆದವು. 'ದಿ ರಿಮೂವಲಿಸ್ಟ್ಸ್'ನಲ್ಲಿ ಮಾತ್ರ ಬೇರೆ. ಅಲ್ಲಿ ಅವರು ಗಂಡನ ಹೊಡೆತ ತಿಂದು, ಸಹಾಯ ಕೇಳಿ ಪೊಲೀಸರ ಹತ್ತಿರ ಹೋಗುವ ಹೆಂಡತಿ. ಆ ಪೊಲೀಸರೇ ಇನ್ನೊಂದು ಕಷ್ಟವಾಗಿ ಮನೆಗೆ ಬರುತ್ತಾರೆ.

1975ರಲ್ಲೇ ಪೀಟರ್ ವಿಯರ್ ಅವರ 'ಪಿಕ್‌ನಿಕ್ ಅಟ್ ಹ್ಯಾಂಗಿಂಗ್ ರಾಕ್' ಬಂತು. ಆಸ್ಟ್ರೇಲಿಯಾದ ಚಿತ್ರಗಳ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದರ ಹೆಸರು ಗೊತ್ತಿರುತ್ತದೆ. 1900ನೇ ಇಸವಿ, ಹುಡುಗಿಯರ ಶಾಲೆ, ಬಂಡೆಯ ಮೇಲೆ ಹತ್ತಿ ಹೋದವರು ಮಾಯವಾಗುತ್ತಾರೆ. ಆ ಶಾಲೆಯ ಕೆಲಸದ ಹುಡುಗಿ ಮಿನ್ನಿಯಾಗಿ ಜಾಕಿ ಇದ್ದಾರೆ. ಪಾತ್ರ ತುಂಬ ಚಿಕ್ಕದು. ಆದರೆ ಇಡೀ ಚಿತ್ರದಲ್ಲಿ ಎಲ್ಲರೂ ಬಿಗಿ ಬಟ್ಟೆ, ಬಿಗಿ ನಡೆ, ಬಿಗಿ ಉಸಿರು. ಮಿನ್ನಿ ಮತ್ತು ಅವಳ ಪ್ರಿಯಕರ ಟಾಮ್ ಇರುವ ಕೋಣೆಯೊಂದರಲ್ಲೇ ಮನುಷ್ಯರ ಮೈಬಿಸಿ ಇದೆ. ಮೇಲೆ ಇರುವ ಶ್ರೀಮಂತ ಹುಡುಗಿಯರ ಬಗ್ಗೆ ಮಿನ್ನಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ಅಸೂಯೆ ಇಲ್ಲ, ಕರುಣೆ ಇದೆ. ಸಿಕ್ಕಿದ ಕೆಲವೇ ನಿಮಿಷಗಳಲ್ಲಿ ಇಷ್ಟನ್ನು ಕೊಡುವುದು ದೊಡ್ಡ ಕೆಲಸ. ನಾನು ಆ ಚಿತ್ರ ಮತ್ತೆ ನೋಡುವಾಗೆಲ್ಲ ಆ ಕೋಣೆಗಾಗಿ ಕಾಯುತ್ತೇನೆ.

ಮರುವರ್ಷ 'ಕ್ಯಾಡಿ'. ಆರ್ಥಿಕ ಕುಸಿತದ ಕಾಲದ ಸಿಡ್ನಿ, ಬಾರುಗಳಲ್ಲಿ ದುಡಿಯುವ ಹೆಂಗಸರು. ನಾಯಕಿಯಾಗಿ ಹೆಲೆನ್ ಮೋರ್ಸ್. ಅವರ ಜೊತೆಗಾರ್ತಿ ಜೋಸಿಯಾಗಿ ಜಾಕಿ. ಇದಕ್ಕೆ ಪೋಷಕ ನಟಿ ಪ್ರಶಸ್ತಿಯೂ ಬಂತು. ಅಲ್ಲಿಗೆ ಅವರಿಗೆ 29 ವರ್ಷ. ಕೈಯಲ್ಲಿ ಎರಡು ಪ್ರಶಸ್ತಿ. ದೇಶದಲ್ಲಿ ಎಲ್ಲರಿಗೂ ಪರಿಚಯದ ಮುಖ.

ಪರದೆ ದೂರವಾದ ವರ್ಷಗಳು

ಇಲ್ಲಿಂದ ಮುಂದೆ ಸಿನಿಮಾ ತೆಳುವಾಗುತ್ತಾ ಹೋಯಿತು. ಟಿವಿ ಇತ್ತು. 1980ರ 'ವಾಟರ್ ಅಂಡರ್ ದ ಬ್ರಿಡ್ಜ್' ಸರಣಿ ಆ ದಿನಗಳಲ್ಲಿ ದೊಡ್ಡ ಕೆಲಸ. ಅದೇ ವರ್ಷ ಜಾನ್ ವಾಟರ್ಸ್ ಜೊತೆ 'ದೇ ಆರ್ ಪ್ಲೇಯಿಂಗ್ ಅವರ್ ಸಾಂಗ್' ಅನ್ನುವ ಸಂಗೀತ ನಾಟಕ ಶುರು ಮಾಡಿದರು. ಅದು ತುಂಬ ಕಾಲ ಓಡಿತು. 1996ರಲ್ಲಿ 'ಕೋಸಿ' ಅನ್ನುವ ಚಿತ್ರ. ಮಾನಸಿಕ ಆಸ್ಪತ್ರೆಯ ರೋಗಿಗಳು ಸೇರಿ ಮೊಜಾರ್ಟ್‌ನ ಒಪೆರಾ ಆಡಲು ಹೊರಡುವ ಕಥೆ. ಅದರಲ್ಲಿ ಅವರ ಎದುರು ಇದ್ದ ನಾಯಕ ಬೆನ್ ಮೆಂಡೆಲ್ಸನ್. ಮುಂದೆ 2010ರಲ್ಲಿ ಜಾಕಿಯ ಮಗನಾಗಿ ಪರದೆಯ ಮೇಲೆ ಬರುವವರು ಇವರೇ.

'ಕೋಸಿ' ಆದ ಮೇಲೆ ಹನ್ನೆರಡು ಹದಿಮೂರು ವರ್ಷ ಸಿನಿಮಾದಲ್ಲಿ ಹೇಳಿಕೊಳ್ಳುವಂಥ ಪಾತ್ರವೇ ಇಲ್ಲ. ಅವರ 49ರಿಂದ 62ರವರೆಗಿನ ವಯಸ್ಸು ಅದು. ಒಬ್ಬ ನಟಿಗೆ ಅನುಭವ ಪೂರ್ತಿ ಮಾಗಿರುವ ಹೊತ್ತು.

ಯಾಕೆ ಹೀಗಾಯಿತು? ಒಂದು ಕಾರಣ ಊರಿನ ಗಾತ್ರ. 2010ರಲ್ಲೂ ಆಸ್ಟ್ರೇಲಿಯಾದ ಜನಸಂಖ್ಯೆ ಸುಮಾರು 2.2 ಕೋಟಿ ಅಷ್ಟೇ. ಅಷ್ಟು ಚಿಕ್ಕ ಮಾರುಕಟ್ಟೆಯಲ್ಲಿ ವರ್ಷಕ್ಕೆ ತಯಾರಾಗುವ ಚಿತ್ರಗಳು ಕಡಿಮೆ. ಅದರಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಬರೆದ ಪಾತ್ರ ಇನ್ನೂ ಕಡಿಮೆ. ಅದಕ್ಕೇ ಅಲ್ಲಿನ ನಟಿಯರು ಚಿಕ್ಕ ವಯಸ್ಸಿನಲ್ಲೇ ಹೊರಗೆ ಹೋಗುತ್ತಾರೆ. ಜೂಡಿ ಡೇವಿಸ್, ನಿಕೋಲ್ ಕಿಡ್‌ಮನ್, ಟೋನಿ ಕಾಲೆಟ್, ಕೇಟ್ ಬ್ಲಾಂಚೆಟ್, ಎಲ್ಲರೂ ಹೊರಗೆ ಹೋಗಿ ಹೆಸರು ಮಾಡಿದವರು. ಜಾಕಿ ಮನೆಯಲ್ಲೇ ಉಳಿದರು.

ಇನ್ನೊಂದು ಕಾರಣ ನನ್ನ ಊಹೆ, ಆದರೆ ಬಲವಾದ ಊಹೆ. ಅವರ ಮೇಲೆ ಅಂಟಿಸಿದ್ದ ಹಳೆಯ ಚೀಟಿ. ತುಂಟ ಹುಡುಗಿ ಅನ್ನುವ ಚೀಟಿ. ಹುಡುಗಿಗೆ ವಯಸ್ಸಾದ ಮೇಲೆ ಆ ಚೀಟಿ ಕೆಲಸಕ್ಕೆ ಬರಲಿಲ್ಲ. ಹೊಸ ಚೀಟಿ ಬರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಒಬ್ಬ ನಟಿಯನ್ನು ಇಡೀ ದೇಶ ಗುರುತು ಹಿಡಿಯುತ್ತದೆ, ಆದರೆ ಆ ಗುರುತೇ ಅವರಿಗೆ ಅಡ್ಡ ನಿಲ್ಲುತ್ತದೆ. ಎಷ್ಟು ನೋವಿನ ವಿಷಯ ಅಲ್ವಾ?

ಆದರೆ ರಂಗಭೂಮಿ ಅವರನ್ನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಈ ವರ್ಷಗಳನ್ನು ಕತ್ತಲೆ ಅಂತ ಕರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ನಾಟಕದ ನಟಿ ವಾರಕ್ಕೆ ಏಳೆಂಟು ಪ್ರದರ್ಶನ ಕೊಡುತ್ತಾಳೆ. ಅದೇ ಮಾತನ್ನು ನೂರು ಸಲ ಆಡುತ್ತಾಳೆ, ನೂರು ಸಲವೂ ಎದುರಿನವರ ಮಾತನ್ನು ಹೊಸದಾಗಿ ಕೇಳಿಸಿಕೊಳ್ಳಬೇಕು. ಯಾವ ಮಾತು ಹಿಂದಿನ ಸಾಲಿನವರೆಗೂ ಹೋಗಬೇಕು, ಯಾವುದನ್ನು ಗಂಟಲಲ್ಲೇ ಹಿಡಿಯಬೇಕು ಅನ್ನುವುದು ಆಗ ಮೈಗೆ ಹತ್ತುತ್ತದೆ. 2010ರಲ್ಲಿ ಜಗತ್ತು ನೋಡಿ ಬೆಚ್ಚಿದ್ದು ಈ ಹತೋಟಿಯನ್ನೇ. ಅದು ಆ ವರ್ಷ ಆಕಾಶದಿಂದ ಬಿದ್ದದ್ದಲ್ಲ.

ಮಿಶೋ ಬರೆದ ಪಾತ್ರ

ಡೇವಿಡ್ ಮಿಶೋ ಹುಟ್ಟಿದ್ದು 1972ರಲ್ಲಿ. ಜಾಕಿಗೆ ಮೊದಲ ಪ್ರಶಸ್ತಿ ಬಂದ ವರ್ಷವೇ. ಸಿಡ್ನಿಯವರು. ಚಿತ್ರರಂಗದ ಪತ್ರಿಕೆಯೊಂದರಲ್ಲಿ ಸಂಪಾದಕರಾಗಿ ದುಡಿದರು, ಕಿರುಚಿತ್ರ ಮಾಡಿದರು. 'ಅನಿಮಲ್ ಕಿಂಗ್‌ಡಮ್' ಅವರ ಮೊದಲ ಪೂರ್ಣ ಚಿತ್ರ. ಚಿತ್ರಕಥೆಯನ್ನು ವರ್ಷಗಟ್ಟಲೆ ತಿದ್ದಿದರು. ಅದರಲ್ಲಿನ ಅಜ್ಜಿಯ ಪಾತ್ರಕ್ಕೆ ಅವರ ಮನಸ್ಸಿನಲ್ಲಿ ಇದ್ದದ್ದು ಜಾಕಿ ವೀವರ್. ಚಿತ್ರ ಶುರುವಾಗುವ ಎಷ್ಟೋ ಮೊದಲೇ ಚಿತ್ರಕಥೆ ಅವರ ಕೈಗೆ ಹೋಗಿತ್ತು. ಮೊದಲ ಚಿತ್ರಕ್ಕೆ ಹಣ ಹೊಂದಿಸುವವರು ಸಾಮಾನ್ಯವಾಗಿ ಹೊರಗೆ ಹೆಸರಿರುವ ನಟಿಯ ಹಿಂದೆ ಹೋಗುತ್ತಾರೆ. ಮಿಶೋ ಕಾದರು.

ಚಿತ್ರದ ಬೇರು ಮೆಲ್ಬರ್ನ್‌ನ ಒಂದು ನಿಜ ಘಟನೆಯಲ್ಲಿದೆ. 1988ರ ಅಕ್ಟೋಬರಿನಲ್ಲಿ ಅಲ್ಲಿನ ವಾಲ್ಷ್ ಸ್ಟ್ರೀಟ್‌ನಲ್ಲಿ ಇಬ್ಬರು ಎಳೆಯ ಪೊಲೀಸರನ್ನು ಗುಂಡಿಕ್ಕಿ ಕೊಂದರು. ಮೊಕದ್ದಮೆ ನಡೆಯಿತು, ಆರೋಪ ಹೊತ್ತವರು ಬಿಡುಗಡೆಯಾದರು. ಆ ನಗರ ಇದನ್ನು ಇನ್ನೂ ಮರೆತಿಲ್ಲ. ಮಿಶೋ ಆ ಘಟನೆಯ ನಕಲು ಮಾಡಲಿಲ್ಲ. ಅದರ ನೆರಳು ತೆಗೆದುಕೊಂಡು ತಮ್ಮದೇ ಕುಟುಂಬ ಕಟ್ಟಿದರು. ದರೋಡೆ, ಡ್ರಗ್ಸ್ ನಂಬಿಕೊಂಡ ಅಣ್ಣತಮ್ಮಂದಿರು. ಅವರ ತಾಯಿ ಜನೈನ್ ಕೋಡಿ. ಮನೆಯಲ್ಲಿ ಎಲ್ಲರೂ ಕರೆಯುವುದು ಸ್ಮರ್ಫ್ ಅಂತ.

ಈಗ ಆ ಹಳೆಯ ಚೀಟಿಯ ವಿಷಯಕ್ಕೆ ಬನ್ನಿ. ಪುಟ್ಟ ಮೈ, ದುಂಡು ಮುಖ, ದೊಡ್ಡ ಕಣ್ಣು, ಸಕ್ಕರೆಯಂಥ ದನಿ. ಇಷ್ಟು ವರ್ಷ ಇವೆಲ್ಲ ಜಾಕಿಗೆ ಅಡ್ಡಿಯಾಗಿದ್ದವು. ಮಿಶೋ ಅವನ್ನೇ ಪಾತ್ರದ ಆಯುಧ ಮಾಡಿಕೊಂಡರು. ಆ ಸಿಹಿಯನ್ನು ಒರೆಸಿ ಹಾಕಿ ಒಬ್ಬ ಗಡಸು ಹೆಂಗಸನ್ನು ತೋರಿಸಲಿಲ್ಲ. ಸಿಹಿಯನ್ನು ಹಾಗೇ ಉಳಿಸಿದರು. ಒಂದು ಚೂರೂ ಕಡಿಮೆ ಮಾಡಲಿಲ್ಲ. ಈ ಪ್ರಕರಣದ ಗುಟ್ಟು ಇರುವುದು ಇಲ್ಲೇ ಅಂತ ನನ್ನ ನಂಬಿಕೆ.

ಆ ಮನೆಯೊಳಗೆ

ಚಿತ್ರ ಇನ್ನೂ ನೋಡದವರು ಈ ಭಾಗ ದಾಟಿ ಹೋಗಬಹುದು. ಕಥೆಯ ಮುಖ್ಯ ತಿರುವುಗಳನ್ನು ಹೇಳದೆ ಈ ನಟನೆಯ ಬಗ್ಗೆ ಮಾತಾಡಲು ಆಗುವುದಿಲ್ಲ.

ಮೊದಲ ದೃಶ್ಯದಲ್ಲಿ ಒಬ್ಬ ಹುಡುಗ ಸೋಫಾ ಮೇಲೆ ಕೂತು ಟಿವಿ ನೋಡುತ್ತಿದ್ದಾನೆ. ಪಕ್ಕದಲ್ಲಿ ಅಮ್ಮ. ನಿದ್ದೆ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತೇವೆ. ಹೆರಾಯಿನ್ ಜಾಸ್ತಿಯಾಗಿ ಸತ್ತಿದ್ದಾಳೆ. ಹುಡುಗನ ಹೆಸರು ಜೆ. ಆಂಬುಲೆನ್ಸ್‌ನವರು ಬಂದು ಹೋದ ಮೇಲೆ ಅವನು ಅಜ್ಜಿಗೆ ಫೋನ್ ಮಾಡುತ್ತಾನೆ. ತಾಯಿ ಮಗಳ ನಡುವೆ ವರ್ಷಗಳಿಂದ ಮಾತಿಲ್ಲ. ಅಜ್ಜಿ ಬಂದು ಮೊಮ್ಮಗನನ್ನು ಕರೆದುಕೊಂಡು ಹೋಗುತ್ತಾಳೆ.

ಮೊದಲ ಸಲ ನಾನು ಈ ಚಿತ್ರ ನೋಡಿದಾಗ ಬೆನ್ ಮೆಂಡೆಲ್ಸನ್ ಬಿಟ್ಟು ಬೇರೆ ಯಾರ ಮೇಲೂ ಕಣ್ಣು ನಿಲ್ಲಲಿಲ್ಲ. ಅವರು ದೊಡ್ಡ ಮಗ ಪೋಪ್. ಮಾತು ಮೆಲ್ಲಗೆ, ನೋಟದಲ್ಲಿ ಸಾವು. ಎರಡನೇ ಸಲ ನೋಡುವಾಗ ಬೇಕಂತಲೇ ಚೌಕಟ್ಟಿನ ಮೂಲೆಗಳನ್ನು ನೋಡಿದೆ. ಅಡುಗೆಮನೆ, ಸೋಫಾದ ತುದಿ, ಬಾಗಿಲ ಪಕ್ಕ. ಎಲ್ಲ ಕಡೆ ಆಕೆ ಇದ್ದಾಳೆ. ಮೊದಲರ್ಧ ಪೂರ್ತಿ ಆಕೆ ಏನೂ ಮಾಡುವುದಿಲ್ಲ ಅನ್ನಿಸುತ್ತದೆ. ಊಟ ಬಡಿಸುತ್ತಾಳೆ. ನಗುತ್ತಾಳೆ. ಮಕ್ಕಳನ್ನು ಮುದ್ದು ಹೆಸರಿಂದ ಕರೆಯುತ್ತಾಳೆ. ಬೆಳೆದ ಗಂಡುಮಕ್ಕಳ ತುಟಿಗೆ ಮುತ್ತು ಕೊಡುತ್ತಾಳೆ, ಆ ಮುತ್ತು ಇರಬೇಕಾದ್ದಕ್ಕಿಂತ ಒಂದು ಕ್ಷಣ ಉದ್ದ. ಆ ಒಂದು ಕ್ಷಣ ನೋಡುವವರ ಹೊಟ್ಟೆಯಲ್ಲಿ ಕಲಸುತ್ತದೆ. ಆದರೆ ಆ ಮನೆಯಲ್ಲಿ ಯಾರೂ ಬೆಚ್ಚುವುದಿಲ್ಲ. ಇದು ದಿನಾ ನಡೆಯುವುದು ಅಂತ ನಮಗೆ ತಿಳಿಯುತ್ತದೆ. ಒಂದು ಮಾತೂ ಆಡದೆ ಇಡೀ ಕುಟುಂಬದ ಚರಿತ್ರೆ ಹೇಳಿದ ಹಾಗಾಯಿತು.

ಕನ್ನಡ ಸಿನಿಮಾ ನೋಡಿ ಬೆಳೆದ ನನ್ನಂಥವರಿಗೆ ಪರದೆಯ ತಾಯಿ ಅಂದರೆ ದೇವರ ಫೋಟೊ ಮುಂದೆ ಕೈಮುಗಿದು ನಿಂತವಳು. ಮಕ್ಕಳಿಗಾಗಿ ಏನು ಬೇಕಾದರೂ ಮಾಡುವವಳು. ಸ್ಮರ್ಫ್ ಕೂಡ ಮಕ್ಕಳಿಗಾಗಿ ಏನು ಬೇಕಾದರೂ ಮಾಡುವವಳೇ. ಆ ಮಾತಿನ ಇನ್ನೊಂದು ಮಗ್ಗುಲು ಕಂಡಾಗ ನನಗೆ ನಿಜಕ್ಕೂ ಭಯವಾಯಿತು.

ಕುಟುಂಬದ ಗೆಳೆಯನನ್ನು ಪೊಲೀಸರು ಕೊಲ್ಲುತ್ತಾರೆ. ಸೇಡಿಗೆ ಇಬ್ಬರು ಎಳೆಯ ಪೊಲೀಸರ ಕೊಲೆಯಾಗುತ್ತದೆ. ಒಬ್ಬ ಮಗ ಕ್ರೇಗ್ ಪೊಲೀಸರ ಗುಂಡಿಗೆ ಸಾಯುತ್ತಾನೆ. ಉಳಿದಿಬ್ಬರು ಜೈಲಿಗೆ. ಸಾಕ್ಷಿ ಹೇಳಬಹುದಾದವನು ಮೊಮ್ಮಗ ಜೆ ಒಬ್ಬನೇ. ಕ್ರೇಗ್ ಸತ್ತ ಮೇಲೆ ಸ್ಮರ್ಫ್ ಮುರಿದು ಕೂರುತ್ತಾಳೆ. ಎಲ್ಲದರಲ್ಲೂ ಒಳ್ಳೆಯದನ್ನು ಹುಡುಕುವ ತನ್ನ ಅಭ್ಯಾಸ ಈಗ ಕೈಕೊಡುತ್ತಿದೆ ಅಂತ ಹೇಳಿಕೊಳ್ಳುತ್ತಾಳೆ. ಆ ದುಃಖ ನಾಟಕವಲ್ಲ, ನಿಜದ್ದು. ಜಾಕಿ ಅಲ್ಲಿ ಅದನ್ನು ಪೂರ್ತಿ ನಿಜವಾಗಿ ಆಡಿದ್ದರಿಂದಲೇ ಮುಂದಿನದು ಅಷ್ಟು ತಣ್ಣಗೆ ತಾಗುತ್ತದೆ.

ಆಮೇಲೆ ಆಕೆ ಎದ್ದು ಕೂರುತ್ತಾಳೆ. ವಕೀಲನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಬ್ಬ ಭ್ರಷ್ಟ ಪೊಲೀಸನ ಜೊತೆ ಮಾತಾಡುತ್ತಾಳೆ. ಮೊಮ್ಮಗ ಎಲ್ಲಿದ್ದಾನೆ ಅನ್ನುವುದು ಅವನಿಗೆ ಗೊತ್ತು, ಆ ಕೆಲಸ ಅವನೇ ಮುಗಿಸಬೇಕು ಅನ್ನುವುದು ಆಕೆಯ ಬೇಡಿಕೆ. ಅವನು ಹಿಂಜರಿಯುತ್ತಾನೆ. ಅವನು ಹಿಂದೆ ಮಾಡಿದ ತಪ್ಪುಗಳನ್ನು ಆಕೆ ಮುದ್ದು ಮಾತಿನಲ್ಲೇ ನೆನಪಿಸುತ್ತಾಳೆ. ದನಿ ಏರುವುದಿಲ್ಲ. ನಗು ಮಾಸುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಸಕ್ಕರೆ ಕೇಳುವ ದನಿ. ಇನ್ನೊಬ್ಬ ನಟಿಯಾಗಿದ್ದರೆ ಇಲ್ಲಿ ಮುಖವಾಡ ಕಳಚಿ ಒಳಗಿನ ರಾಕ್ಷಸಿಯನ್ನು ತೋರಿಸುತ್ತಿದ್ದರು. ಜಾಕಿ ಕಳಚುವುದಿಲ್ಲ, ಯಾಕೆಂದರೆ ಅವರು ಹಿಡಿದ ದಾರಿಯಲ್ಲಿ ಮುಖವಾಡವೇ ಇಲ್ಲ. ಊಟ ಬಡಿಸಿದ ಅಜ್ಜಿಯೂ ಅವಳೇ, ಮೊಮ್ಮಗನ ಸಾವು ಕೇಳುವವಳೂ ಅವಳೇ. ಎರಡೂ ಒಂದೇ ಪ್ರೀತಿಯಿಂದ ಹೊರಟದ್ದು.

ಇನ್ನೊಂದು ದೃಶ್ಯ ಸೂಪರ್‌ಮಾರ್ಕೆಟ್‌ನಲ್ಲಿ. ಮಕ್ಕಳು ಕೋರ್ಟಿನಲ್ಲಿ ಗೆದ್ದಿದ್ದಾರೆ. ಗೈ ಪಿಯರ್ಸ್ ಆಡಿದ ಪತ್ತೇದಾರಿ ಅಧಿಕಾರಿ ಅಲ್ಲಿ ಸಾಮಾನು ಕೊಳ್ಳುತ್ತಿರುವಾಗ ಆಕೆ ಎದುರಾಗುತ್ತಾಳೆ. ಮಾತಾಡಿಸುತ್ತಾಳೆ. ಅವನಿಗೆ ಸೋತ ನೋವು, ಆಕೆಗೆ ಗೆದ್ದ ಖುಷಿ. ಇಷ್ಟು ಹೊತ್ತು ತಡೆದಿಟ್ಟ ಖುಷಿಯನ್ನು ಜಾಕಿ ಅಲ್ಲಿ ಕಣ್ಣಿನಲ್ಲಿ ಮಾತ್ರ ಬಿಡುತ್ತಾರೆ. 'ಸ್ಟಾರ್ಕ್'ನ ಆನಾ ಹಾಗೆಯೇ ಕೇಳಿಸಿಕೊಳ್ಳುತ್ತಾ ನಿಲ್ಲುತ್ತಾರೆ. ಅದೇ ಕಣ್ಣು, ಅದೇ ಕಿವಿ, 39 ವರ್ಷ ಆದಮೇಲೆ.

ಸುದ್ದಿ ದಾಟಿದ ಬಗೆ

ಒಳ್ಳೆಯ ನಟನೆ ತಾನಾಗೇ ಸಮುದ್ರ ದಾಟುವುದಿಲ್ಲ. ದಾಟಿಸುವವರು ಬೇಕು. 2010ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಉತ್ಸವದಲ್ಲಿ 'ಅನಿಮಲ್ ಕಿಂಗ್‌ಡಮ್' ವಿಶ್ವ ಸಿನಿಮಾ ವಿಭಾಗದ ತೀರ್ಪುಗಾರರ ದೊಡ್ಡ ಬಹುಮಾನ ಗೆದ್ದಿತು. ಅಮೆರಿಕದ ಹಂಚಿಕೆಯನ್ನು ಸೋನಿ ಪಿಕ್ಚರ್ಸ್ ಕ್ಲಾಸಿಕ್ಸ್ ತೆಗೆದುಕೊಂಡಿತು. ಆಗಸ್ಟ್‌ನಲ್ಲಿ ಕೆಲವೇ ಥಿಯೇಟರುಗಳಲ್ಲಿ ಬಿಡುಗಡೆ. ಅಲ್ಲಿ ಗಳಿಸಿದ್ದು ಸುಮಾರು 10 ಲಕ್ಷ ಡಾಲರ್. ಆ ದೇಶದ ಲೆಕ್ಕದಲ್ಲಿ ಇದು ಏನೂ ಅಲ್ಲ. ಅಂದರೆ ಜಾಕಿಯನ್ನು ಅಮೆರಿಕದ ಸಾಮಾನ್ಯ ಪ್ರೇಕ್ಷಕರು ಹುಡುಕಿದ್ದಲ್ಲ. ಹಂಚಿಕೆದಾರರು ಚಿತ್ರದ ಡಿವಿಡಿಯನ್ನು ಪ್ರಶಸ್ತಿಗಳಿಗೆ ಮತ ಹಾಕುವವರ ಮನೆಗೆ ಕಳಿಸಿದರು. ವಿಮರ್ಶಕರು ನೋಡಿದರು, ಮತ್ತೆ ಮತ್ತೆ ಬರೆದರು. ವರ್ಷದ ಕೊನೆಗೆ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಮತ್ತು ಲಾಸ್ ಏಂಜಲೀಸ್‌ನ ವಿಮರ್ಶಕರ ಸಂಘ, ಎರಡೂ ಅವರನ್ನೇ ಅತ್ಯುತ್ತಮ ಪೋಷಕ ನಟಿ ಅಂತ ಆರಿಸಿದವು.

ಅದೇ ಹೊತ್ತಿನಲ್ಲಿ ಜಾಕಿ ಎಲ್ಲಿದ್ದರು ಗೊತ್ತಾ? ಸಿಡ್ನಿಯ ರಂಗದ ಮೇಲೆ. ಸಿಡ್ನಿ ಥಿಯೇಟರ್ ಕಂಪನಿ ಚೆಕಾಫ್‌ನ 'ಅಂಕಲ್ ವಾನ್ಯಾ' ಆಡುತ್ತಿತ್ತು. ಕೇಟ್ ಬ್ಲಾಂಚೆಟ್, ರಿಚರ್ಡ್ ರಾಕ್ಸ್‌ಬರ್ಗ್, ಹ್ಯೂಗೊ ವೀವಿಂಗ್ ಮುಖ್ಯ ಪಾತ್ರಗಳಲ್ಲಿ. ಜಾಕಿಯದು ಮನೆಯ ಮುದಿ ದಾದಿಯ ಪಾತ್ರ. ಎಲ್ಲರೂ ಹತಾಶೆಯಿಂದ ಕಿರುಚಾಡುವ ಮನೆಯಲ್ಲಿ ಟೀ ಕೊಡುತ್ತಾ ಕೂರುವ ಮುದುಕಿ. ನನಗೆ ಇದು ತುಂಬ ಇಷ್ಟವಾದ ವಿವರ.

ಊರಿನಲ್ಲಿ 'ಅನಿಮಲ್ ಕಿಂಗ್‌ಡಮ್'ಗೆ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ 10 ಪ್ರಶಸ್ತಿ ಬಂದವು. ಆಸ್ಕರ್‌ನಲ್ಲಿ ಆ ಚಿತ್ರಕ್ಕೆ ಸಿಕ್ಕಿದ್ದು ಒಂದೇ ನಾಮನಿರ್ದೇಶನ, ಅದು ಜಾಕಿಯದು. ಅದೇ ಪಟ್ಟಿಯಲ್ಲಿ ಹೇಲಿ ಸ್ಟೈನ್‌ಫೆಲ್ಡ್ ಇದ್ದಳು, 14 ವರ್ಷದ ಹುಡುಗಿ. ಪ್ರಶಸ್ತಿ ಹೋಗಿದ್ದು 'ದಿ ಫೈಟರ್' ಚಿತ್ರದ ಮೆಲಿಸ್ಸಾ ಲಿಯೋ ಅವರಿಗೆ. ಅಲ್ಲಿ ಆಕೆಯದ್ದೂ ಮಕ್ಕಳನ್ನು ಬಿಗಿಯಾಗಿ ಹಿಡಿದಿಟ್ಟ ತಾಯಿಯ ಪಾತ್ರ.

ಇಲ್ಲಿ ಅದೃಷ್ಟದ ಪಾಲಿಲ್ಲ ಅಂತ ನಾನು ಹೇಳುತ್ತಿಲ್ಲ. ಸನ್‌ಡಾನ್ಸ್‌ನಲ್ಲಿ ಬಹುಮಾನ ಬರದೇ ಹೋಗಿದ್ದರೆ? ಹಂಚಿಕೆದಾರರು ಡಿವಿಡಿ ಕಳಿಸುವ ಖರ್ಚು ಬೇಡ ಅಂದಿದ್ದರೆ? ನಟನೆ ಅಷ್ಟೇ ಚೆನ್ನಾಗಿರುತ್ತಿತ್ತು, ಆದರೆ ಮೆಲ್ಬರ್ನ್ ಮತ್ತು ಸಿಡ್ನಿ ಬಿಟ್ಟು ಹೊರಗೆ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಅವರ ತಲೆಮಾರಿನ ಎಷ್ಟೋ ರಂಗನಟಿಯರಿಗೆ ಆ ಡಿವಿಡಿ ಇರಲಿಲ್ಲ, ಅದಕ್ಕೂ ಮೊದಲು ಆ ಪಾತ್ರವೇ ಇರಲಿಲ್ಲ. ಅದು ನನಗೆ ಈಗಲೂ ಬೇಸರ ತರುತ್ತದೆ.

ಆಮೇಲೆ

2012ರಲ್ಲಿ ಡೇವಿಡ್ ಓ. ರಸೆಲ್ ಅವರ 'ಸಿಲ್ವರ್ ಲೈನಿಂಗ್ಸ್ ಪ್ಲೇಬುಕ್' ಬಂತು. ಜಾಕಿ ಇಲ್ಲಿ ಫಿಲಡೆಲ್ಫಿಯಾದ ಗೃಹಿಣಿ ಡೊಲೋರೆಸ್. ಗಂಡನಾಗಿ ರಾಬರ್ಟ್ ಡಿ ನಿರೋ, ಮಗನಾಗಿ ಬ್ರಾಡ್ಲಿ ಕೂಪರ್. ಮಾನಸಿಕ ಆಸ್ಪತ್ರೆಯಿಂದ ಮಗನನ್ನು ಮನೆಗೆ ಕರೆತರುವವಳು ಅವಳೇ, ಗಂಡನಿಗೂ ಹೇಳದೆ. ಆಮೇಲೆ ಮನೆ ತುಂಬ ಜಗಳ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಡೊಲೋರೆಸ್ ಮಾತು ಮಾತ್ರ ತುಂಬ ಕಡಿಮೆ. ತಿಂಡಿ ಮಾಡುತ್ತಾಳೆ, ಗಂಡನನ್ನು ನೋಡುತ್ತಾಳೆ, ಮಗನನ್ನು ನೋಡುತ್ತಾಳೆ, ಯಾವಾಗ ಏನು ಒಡೆಯುತ್ತದೋ ಅಂತ ಕಾಯುತ್ತಾಳೆ.

ಈ ಪಾತ್ರಕ್ಕೂ ಆಸ್ಕರ್ ನಾಮನಿರ್ದೇಶನ ಬಂತು. ನಟನೆಯ ನಾಲ್ಕೂ ವಿಭಾಗಗಳಲ್ಲಿ ಒಂದೇ ಚಿತ್ರ ನಾಮನಿರ್ದೇಶನ ಪಡೆದದ್ದು 1981ರ 'ರೆಡ್ಸ್' ಆದ ಮೇಲೆ ಇದೇ ಮೊದಲು. ಕೆಲವರು ಆಗ ಜಾಕಿಯ ಹೆಸರು ನೋಡಿ, ಆಕೆಗೆ ಅಲ್ಲಿ ಮಾಡಲು ಏನಿತ್ತು ಅಂತ ಕೇಳಿದರು. ನನ್ನ ಪ್ರಕಾರ ಡೊಲೋರೆಸ್ ಸ್ಮರ್ಫ್‌ಗಿಂತ ಕಷ್ಟದ ಪಾತ್ರ. ಸ್ಮರ್ಫ್‌ಗೆ ಚಿತ್ರಕಥೆ ದೊಡ್ಡ ದೊಡ್ಡ ದೃಶ್ಯ ಕೊಟ್ಟಿತ್ತು. ಡೊಲೋರೆಸ್‌ಗೆ ಬರೀ ಕೇಳಿಸಿಕೊಳ್ಳುವ ಕೆಲಸ. ಆ ಚಿತ್ರದ ಮನೆ ನಿಜವಾದ ಮನೆ ಅನ್ನಿಸುವುದು ಆಕೆಯ ಕಣ್ಣಿನ ಆತಂಕದಿಂದ. ಡಿ ನಿರೋ, ಕೂಪರ್ ಎಷ್ಟು ಕೂಗಿದರೂ ಅದನ್ನು ಹೊತ್ತುಕೊಂಡು ನಿಂತಿರುವುದು ಆ ಪುಟ್ಟ ಹೆಂಗಸು.

ಮುಂದಿನದನ್ನು ಬೇಗ ಹೇಳುತ್ತೇನೆ. ಕೊರಿಯಾದ ಪಾರ್ಕ್ ಚಾನ್-ವುಕ್ ಅವರ 'ಸ್ಟೋಕರ್', ವುಡಿ ಆಲೆನ್ ಅವರ 'ಮ್ಯಾಜಿಕ್ ಇನ್ ದ ಮೂನ್‌ಲೈಟ್', ಪ್ಯಾಟ್ರಿಕ್ ಸ್ಟೀವರ್ಟ್ ಜೊತೆ 'ಬ್ಲಂಟ್ ಟಾಕ್' ಸರಣಿ, 'ಬರ್ಡ್ ಬಾಕ್ಸ್', 'ಯೆಲ್ಲೋಸ್ಟೋನ್' ಸರಣಿಯಲ್ಲಿ ಕಂಪನಿಯ ಮುಖ್ಯಸ್ಥೆ. ಕೆಲಸಕ್ಕೆ ಬರವಿರಲಿಲ್ಲ. ಆದರೆ ಇವುಗಳಲ್ಲಿ ಎಷ್ಟೋ ಪಾತ್ರಗಳು ಅವರ ಕಾಲು ಭಾಗವನ್ನೂ ಬಳಸಲಿಲ್ಲ ಅನ್ನುವುದು ನನ್ನ ದೂರು. 2018ರ 'ವಿಡೋಸ್' ಬೇರೆ. ಸ್ಟೀವ್ ಮ್ಯಾಕ್‌ಕ್ವೀನ್ ಅಲ್ಲಿ ಅವರಿಗೆ ಪೋಲೆಂಡ್ ಮೂಲದ ತಾಯಿಯ ಪಾತ್ರ ಕೊಟ್ಟರು. ಗಂಡ ಸತ್ತು ದಿಕ್ಕಿಲ್ಲದ ಮಗಳಿಗೆ, ಮೈ ಮಾರಿ ಬದುಕು ಅಂತ ತಣ್ಣಗೆ ದಾರಿ ತೋರಿಸುವ ತಾಯಿ. ಮಗಳಾಗಿ ಎಲಿಜಬೆತ್ ಡೆಬಿಕಿ, ಅವರೂ ಆಸ್ಟ್ರೇಲಿಯಾದವರೇ. ಆರಡಿ ಮೀರಿದ ಮಗಳು, ಐದಡಿ ಮುಟ್ಟದ ತಾಯಿ, ಆದರೂ ಆ ದೃಶ್ಯದಲ್ಲಿ ಚಿಕ್ಕದಾಗಿ ಕಾಣುವುದು ಮಗಳು. 2020ರ 'ಸ್ಟೇಜ್ ಮದರ್' ಚಿತ್ರದಲ್ಲಿ ಅವರದೇ ಮುಖ್ಯ ಪಾತ್ರ. ಟೆಕ್ಸಸ್‌ನ ಚರ್ಚೊಂದರ ಹಾಡುಗಾರರ ತಂಡ ನಡೆಸುವ ಹೆಂಗಸು, ಸತ್ತ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಸುತ್ತಿದ್ದ ಡ್ರ್ಯಾಗ್ ಕ್ಲಬ್‌ನ ಹೊಣೆ ಹೊರುತ್ತಾಳೆ.

ಸ್ಮರ್ಫ್ ಪಾತ್ರ ಕೂಡ ಬೇರೆ ಕಡೆ ಹೊರಟಿತು. 2016ರಿಂದ 2022ರವರೆಗೆ ಅಮೆರಿಕದಲ್ಲಿ 'ಅನಿಮಲ್ ಕಿಂಗ್‌ಡಮ್' ಟಿವಿ ಸರಣಿಯಾಗಿ ಬಂತು. ಮನೆ ಮೆಲ್ಬರ್ನ್‌ನಿಂದ ಕ್ಯಾಲಿಫೋರ್ನಿಯಾದ ಕಡಲ ತೀರಕ್ಕೆ ಹೋಯಿತು. ಅಲ್ಲಿ ಎಲೆನ್ ಬಾರ್ಕಿನ್ ಸ್ಮರ್ಫ್ ಆದರು. ಅವರದು ಎಲ್ಲರಿಗೂ ಕಾಣುವಂಥ ಗಟ್ಟಿ ಯಜಮಾನಿಕೆ. ಚೆನ್ನಾಗಿದೆ. ಆದರೆ ಅಡುಗೆಮನೆಯ ಮೂಲೆಯಲ್ಲಿ ನಿಂತು ನಗುವ ಆ ಪುಟ್ಟ ಅಜ್ಜಿಯ ಭಯ ಅಲ್ಲಿ ಇಲ್ಲ.

ಊರಿನವರು ಅವರನ್ನು ಮತ್ತೆ ಕರೆದರು, ಈ ಸಲ ತುಂಟ ಹುಡುಗಿಯ ಚೀಟಿ ಇಲ್ಲದೆ. 2016ರ 'ಸೀಕ್ರೆಟ್ ಸಿಟಿ' ಸರಣಿಯಲ್ಲಿ ಕ್ಯಾನ್‌ಬೆರಾದ ಕರುಣೆಯಿಲ್ಲದ ರಾಜಕಾರಣಿ. 2019ರ ಜನವರಿಯಲ್ಲಿ 'ಬ್ಲೂಮ್'. ಈ ಸರಣಿಯಲ್ಲಿ ಅವರು ಗ್ವೆನ್, ಒಂದು ಕಾಲದ ನಟಿ. ಈಗ ಮರೆವಿನ ಕಾಯಿಲೆ. ನೋಡಿಕೊಳ್ಳುವ ಗಂಡನಾಗಿ ಬ್ರಯಾನ್ ಬ್ರೌನ್. ಊರಿನಲ್ಲಿ ಪ್ರವಾಹ ಬಂದು ಹೋದ ಮೇಲೆ ಒಂದು ಗಿಡ ಹುಟ್ಟುತ್ತದೆ, ಅದನ್ನು ತಿಂದವರಿಗೆ ಯೌವನ ಮರಳುತ್ತದೆ. ಯೌವನದ ಗ್ವೆನ್ ಆಗಿ ಫೀಬಿ ಟಾಂಕಿನ್ ಬರುತ್ತಾರೆ. ನಾನು ಮಾತ್ರ ಹಳೆಯ ಗ್ವೆನ್ ಯಾವಾಗ ಬರುತ್ತಾಳೆ ಅಂತಲೇ ಕಾಯುತ್ತಿದ್ದೆ. ಗಂಡ ಮಾತಾಡುತ್ತಿರುತ್ತಾನೆ, ಆಕೆ ಅವನ ಮುಖ ನೋಡುತ್ತಾ ಕೂತಿರುತ್ತಾಳೆ. ಅವನು ಯಾರು ಅಂತ ಒಂದು ಕ್ಷಣ ನೆನಪಾಗುತ್ತದೆ, ಮರುಕ್ಷಣ ಜಾರುತ್ತದೆ. ಎರಡೂ ಆ ದೊಡ್ಡ ಕಣ್ಣುಗಳಲ್ಲೇ ಆಗುತ್ತದೆ. ಆಗ ಜಾಕಿ ವೀವರ್ ಅವರಿಗೆ 71.